ಒಂದು ಬಾಟಲಿ ರಕ್ತ

ನವೆಂಬರ್ 9, ಭಾನುವಾರ

ಮಂಗಳಾಳನ್ನು ಡಯಾಲಿಸಿಸ್‌ಗೆ ಬಿಟ್ಟು ಆಫೀಸಿಗೆ; ಈ ಗಲ್ಫ್ ಊರಿನಲ್ಲಿ ಭಾನುವಾರ ರಜೆಯಿಲ್ಲ. ಇಂಡಸ್ಟ್ರಿಯಲ್ ಏರಿಯಾ ತಿರುವಿನಲ್ಲಿ ಕಂಪನಿ ಬಸ್ಸುಗಳ ಸಾಲು... ಇವತ್ತೂ ತಡ. ಇರಲಿ, ಇನ್ನು ಸ್ವಲ್ಪ ದಿನ. ಗಂಡ ಹೆಂಡತಿ ಇಬ್ಬರದೂ ಓ ಗುಂಪು. ನನ್ನ ಕಿಡ್ನಿ ಅವಳಿಗೆ. ಇಬ್ಬರ ರಕ್ತ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಟೆಸ್ಟ್ ಒಂದೇ ಬಾಕಿ.

ನವೆಂಬರ್ 11

ಆಸ್ಪತ್ರೆಯ ಕೋಆರ್ಡಿನೇಟರ್ ಹೇಜಲ್, ಉಡುಪಿ ಕಡೆಯವಳು. "ಸರ್, ಕ್ರಾಸ್‌ಮ್ಯಾಚ್ ಪಾಸಿಟಿವ್ ಬಂದಿದೆ." ಕೈ ಮುಗಿದುಬಿಟ್ಟೆ.

"ಅಯ್ಯೋ, ಖುಷಿ ಪಡ್ಬೇಡಿ. ಇದರಲ್ಲಿ ಪಾಸಿಟಿವ್ ಅಂದ್ರೆ ಆಗುದಿಲ್ಲ ಅಂತ."

ಮಂಗಳಾಳ ರಕ್ತದಲ್ಲಿ ನನಗೆ ಎದುರಾದ ಆಂಟಿಬಾಡಿ ಇದೆಯಂತೆ. ನನ್ನ ಕಿಡ್ನಿ ಇಟ್ಟರೆ ಅದು ಬಿಡುವುದಿಲ್ಲ. "ಬೇರೆಯವರ ರಕ್ತ ಹಾಕಿದ್ರೂ ಇದು ಹುಟ್ತದೆ. ಮೇಡಂಗೆ ಯಾವಾಗಾದ್ರೂ ರಕ್ತ ಹಾಕಿದ್ರಾ?"

ಹಾಕಿದ್ದರು. ನನ್ನದೇ. 2003, ಮೈಸೂರು, ಮಗಳು ಇಂಚರಾ ಹುಟ್ಟಿದ ಮಾರನೆಯ ದಿನ. "ಸುಸ್ತಿದೆ, ಒಂದು ಬಾಟಲಿ ಹಾಕಿದ್ರೆ ಗೆಲುವಾಗ್ತಾರೆ," ಎಂದ ನರ್ಸಿಂಗ್ ಹೋಮಿನ ಡಾಕ್ಟರ್. ಟಾನಿಕ್ಕಿನ ಹಾಗೆ! ನಿಜವಾಗಿ ಬೇಕೇ ಎಂದು ಆಗಲೇ ಕೇಳಿದ್ದೆ. ಅವನು ನಕ್ಕಿದ್ದು ಇನ್ನೂ ನೆನಪಿದೆ.

ಮಂಗಳಾ: "ನೋಡಿದ್ರಾ ರೀ, ನಿಮ್ಮನ್ನ ತಡ್ಕೊಳ್ಳೋದು ಕಷ್ಟ ಅಂತ ನನ್ನ ರಕ್ತಕ್ಕೂ ಗೊತ್ತು."

ನವೆಂಬರ್ 12

ಮೆಡಿಕಲ್ ಕೌನ್ಸಿಲ್‌ಗೆ ದೂರು ಬರೆಯಲು ಕುಳಿತೆ. ಇಪ್ಪತ್ತೆರಡು ವರ್ಷವಾದರೇನು? ಬೇಡದ ರಕ್ತ ಬೇಡದ್ದೇ.

ನವೆಂಬರ್ 20

ಇಂಚರಾ ತಾನು ಕೊಡುತ್ತಾಳಂತೆ. ಅವರಮ್ಮ "ಬೇಡ ಕಣೇ" ಎಂದರೆ— "ನೈನ್ ಮಂತ್ಸ್ ನನ್ನನ್ನೇ ಒಳಗೆ ಇಟ್ಕೊಂಡಿದ್ದೆ, ಈಗೇನು ನಾಚಿಕೆ?"

ಹೇಜಲ್ ಹೇಳಿದ್ದು: ಇಂಥ ಆಂಟಿಬಾಡಿ ಬಸಿರಿನಿಂದಲೂ ಹುಟ್ಟಬಹುದು; ಹಾಗಿದ್ದರೆ ಮಗಳ ಕಿಡ್ನಿಯೂ ಆಗದು. ಜೀವಕೋಶದ ಮೇಲೆ ನನ್ನಿಂದ ಅವಳಿಗೆ ಬಂದ ಗುರುತಿಗೇ ಅದು ಎದುರು. ಬರೀ ಆ ಬಾಟಲಿಯಿಂದ ಹುಟ್ಟಿದ್ದರೆ, ನನ್ನಲ್ಲಿದ್ದೂ ಅವಳಿಗೆ ಬಾರದ ಗುರುತಿನ ಮೇಲಿರಬಹುದು. ಆಗ ದಾರಿಯುಂಟು.

ದೂರು ಅರ್ಧಕ್ಕೇ ನಿಂತಿದೆ. ತಪ್ಪು ಆ ಡಾಕ್ಟರದ್ದೇ ಆಗಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೆ. ಎಂಥ ಪ್ರಾರ್ಥನೆ!

ಡಿಸೆಂಬರ್ 4

ನಜ್ಮಾ ಬಡಾವಣೆಯ ಟೈಲರ್ ಅಂಗಡಿ ಮುಂದಿದ್ದಾಗ ಹೇಜಲ್ ಫೋನ್. "ಸರ್, ಇಂಚರಾದ್ದು ನೆಗೆಟಿವ್." ಅರ್ಥ ಗೊತ್ತಿತ್ತು. ಆದರೂ ಕೇಳಿದೆ.

"ಆಗ್ತದೆ ಸರ್, ಆಗ್ತದೆ!"

ಬಸಿರಲ್ಲ, ಬಾಟಲಿಯೇ.

ಮನೆಗೆ ಬಂದು ಹೇಳಿದರೆ ಮಂಗಳಾ ನಕ್ಕಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಇಂಚರಾ ಆಗಲೇ ಆಫೀಸಿಗೆ ರಜೆ ಬರೆಯುತ್ತಿದ್ದಾಳೆ, ಏನೋ ಗುನುಗುತ್ತ. ಬೇಡಿದ್ದೇ ಆಯಿತು. ದೂರನ್ನು ಮತ್ತೆ ತೆಗೆದೆ. ಆ ಒಂದು ಬಾಟಲಿ ಇಲ್ಲದಿದ್ದರೆ ಆಪರೇಷನ್ ಮೇಜಿನ ಮೇಲೆ ಮಗಳ ಬದಲು ನಾನು...