ಅಗಲ ತೋಳಿನ ನೈಟಿ

3-3-1997, ಸೋಮವಾರ
ಕುಕ್ ಟೌನ್‌ನ ಅನುವಾದದ ಆಫೀಸಿಗೆ ಇವತ್ತೂ ಹತ್ತು ನಿಮಿಷ ಲೇಟ್. ನನ್ನ ಕೈಕೆಳಗಿನ ಹುಡುಗಿ ಜಹನಾರಾ ಸ್ಪ್ಯಾನಿಷ್ ಆರ್ಡರ್ ಒಂದನ್ನು ಇಂಗ್ಲಿಷಿಗೆ ಇಳಿಸಿಟ್ಟಿದ್ದಳು. ಕೆ.ಆರ್. ಪುರದ ಗಾರ್ಮೆಂಟ್ಸ್‌ನವರದು, ನೈಟಿಗಳು. 'ಮಾಂಗಾ ಲಾರ್ಗಾ' ಅಂದರೆ ಉದ್ದ ತೋಳಂತೆ. ಅಲ್ಲ, ಅಗಲ ತೋಳು ಎಂದೆ. ಫ್ರೆಂಚಿನ 'ಲಾರ್ಜ್' ಅಗಲವೇ ತಾನೆ? ಎರಡಕ್ಕೂ ಲ್ಯಾಟಿನ್ನೇ ತಾಯಿ.

"ಸರ್, ಸ್ಪ್ಯಾನಿಷ್‌ನಲ್ಲಿ ಉದ್ದಾನೇ ಸರ್."

"ಹದಿನಾರು ವರ್ಷದಿಂದ ಫ್ರೆಂಚ್ ಮಾಡ್ತಿದೀನಮ್ಮ. ನಂಗೇ ಪಾಠ ಹೇಳ್ಬೇಡ."

ಯಾರೇ ತಿದ್ದಿ ಹೇಳಲಿ, ಅನುವಾದ ಮಾಡಿದವರೇ ಅದನ್ನು ತಮ್ಮ ಕೈಯಲ್ಲಿ ಬರೆಯಬೇಕು. ಇಲ್ಲಿನ ಪದ್ಧತಿ, ನಾನೇ ತಂದದ್ದು. ಮುಖ ಸಣ್ಣ ಮಾಡಿಕೊಂಡು ಬರೆದಳು.

12-5, ಸಂಜೆ
ಎಂಟುನೂರು ನೈಟಿ. ಮೊಣಕೈಗೇ ನಿಂತ ಅಗಲ ತೋಳು. ಮಾಲು ಬೇಡವೆಂದು ಸ್ಪೇನಿನಿಂದ ಫ್ಯಾಕ್ಸ್.

ದೊಡ್ಡ ಡಿಕ್ಷನರಿ ತೆಗೆದೆ — ಈಗ! ಲ್ಯಾಟಿನ್ 'ಲಾರ್ಗುಸ್', ಧಾರಾಳ. ಇಟಾಲಿಯನ್, ಪೋರ್ಚುಗೀಸ್, ಫ್ರೆಂಚ್‌ಗಳಲ್ಲಿ ಅಗಲ. ಸ್ಪ್ಯಾನಿಷ್‌ನಲ್ಲಿ ಉದ್ದ. ಹುಡುಗಿ ಹೇಳಿದ್ದೇ ಸರಿ.

13-5
ಮ್ಯಾನೇಜರ್ ಕಶ್ಯಪ್ ಡ್ರಾಫ್ಟ್ ಹಿಡಿದು ಬಂದ. "ಯಾರ ಅಕ್ಷರ ಇದು?"

"ನಂದೇ ಸರ್. ಆದ್ರೆ…" ನನ್ನ ಕಡೆ ನೋಡಿದಳು.

"ವಾದಿರಾಜ್ ಸರ್, ನೀವೇನಾದ್ರೂ ಹೇಳಿದ್ರಾ?"

"ನೆನಪಿಲ್ಲ" ಎಂದೆ.

ಥೂ, ನನ್ನ ಜನ್ಮಕ್ಕಿಷ್ಟು. ಸಂಜೆಗೆ ಅವಳ ಮೇಜು ಖಾಲಿ.

21-6, ಶನಿವಾರ
ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಜಹನಾರಾ, ತಾಯಿಯ ಜೊತೆ. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

"ಅಮ್ಮೀ, ನಂಗೆ ಕೆಲ್ಸ ಕಲ್ಸಿದ್ ಸರ್ ಇವ್ರೇ."

ಆ ತಾಯಿ ಸಲಾಂ ಮಾಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬೇರೆ ಕಡೆ ಕೆಲ್ಸ ಸಿಗೋ ಹಾಗಿದೆ ಸರ್. ಮಂಗಳವಾರ ಅವ್ರು ಕಶ್ಯಪ್ ಸರ್‌ಗೆ ಫೋನ್ ಮಾಡಿ ನನ್ ಬಗ್ಗೆ ಕೇಳ್ತಾರಂತೆ. ಅಷ್ಟ್ರೊಳಗೆ ನಿಜ ಹೇಳ್ತೀರಾ?"

"ಸೋಮವಾರಾನೇ ಹೇಳ್ತೀನಮ್ಮ. ದೇವ್ರಾಣೆ."

23-6, ಸೋಮವಾರ, ಬೆಳಿಗ್ಗೆ 10.20
ಕಶ್ಯಪ್ ರೂಮಿಗೆ ಹೋದೆ. ಎದ್ದು ಕುರ್ಚಿ ಎಳೆದುಕೊಟ್ಟ. ಮಗನ ವಯಸ್ಸಿನವನು. "ಹೇಳಿ ಸರ್" ಎಂದ.

ಹೇಳಿದೆ. ಮೈಗೆ ಹುಷಾರಿಲ್ಲ, ನಾಳೆ ಒಂದು ದಿನ ರಜೆ ಬೇಕು ಅಂತ.

ನಾಳೆ ಫೋನ್ ಬಂದಾಗ ನಾನು ಆಫೀಸಿನಲ್ಲಿ ಇರುವುದಿಲ್ಲ.