ನೇಪಲ್ಸಿಗೆ ಬರುವಾಗ

ನೇಪಲ್ಸ್, ಇಟಲಿ
12 ಫೆಬ್ರವರಿ 2025

ಪ್ರೀತಿಯ ಪೊನ್ನಕ್ಕನಿಗೆ,

ನಿನ್ನ ತಂಗಿ ಶೋಭಿತಾಳ ನಮಸ್ಕಾರ. ಉದಯ ಭಾವನಿಗೂ ತಿಳಿಸು. ಟಿಕೆಟ್ ಆದ ದಿನವೇ ಬರೆಯಬೇಕಿತ್ತು, ತಡವಾಯಿತು, ಬೇಸರ ಮಾಡಬೇಡ. ಫೋನಿನಲ್ಲಿ ನಿನ್ನ ಮುಖ ಕಂಡರೆ ಹೇಳಬೇಕಾದದ್ದು ಬಿಟ್ಟು ಬೇರೆಯದೇ ಮಾತಾಡುತ್ತೇನೆ. ಅದಕ್ಕೇ ಈ ಕಾಗದ.

ಕಾಫಿ ಕುಯ್ಲು ಮುಗಿಯಿತೇ? ಹೂ ಬಿಡುವ ಹೊತ್ತಿಗೆ ನೀನು ನನ್ನ ಅಶ್ವಿತಾಳನ್ನು ಕರೆದುಕೊಂಡು ಇಲ್ಲಿರುತ್ತೀ ಎಂದು ನೆನೆದರೆ ಕೆಲಸವೇ ಓಡುವುದಿಲ್ಲ. ನಾನು ನೋಡಿಕೊಳ್ಳುವ ಅಜ್ಜಿಯೇ ಹಟ ಹಿಡಿದು ಟಿಕೆಟ್ ಮಾಡಿಸಿದ್ದು. "ಎಷ್ಟು ವರ್ಷ ಫೋಟೊ ತೋರಿಸುತ್ತೀ, ಮಗುವನ್ನು ತೋರಿಸು" ಅಂದರು.

ಇಲ್ಲಿ ಬಸ್ಸಿಗೆ ಕಂಡಕ್ಟರ್ ಇಲ್ಲ. ಸಿಗರೇಟಿನ ಅಂಗಡಿಯಲ್ಲಿ ಟಿಕೆಟ್ ಕೊಂಡು ಬಸ್ಸಿನೊಳಗಿನ ಮೆಷಿನ್ನಿನಲ್ಲಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ದಂಡ. ಬ್ಯಾಗನ್ನು ಎದೆಯ ಮುಂದೆ ಹಾಕಿಕೋ. ರಸ್ತೆಗೆ ಹಾಸಿದ ಕರಿಕಲ್ಲು ಮಳೆ ಬಂದರೆ ಹೊಳೆಯ ಬಂಡೆಯ ಹಾಗೆ ಜಾರುತ್ತದೆ. ಸಣ್ಣ ಗಲ್ಲಿಯಲ್ಲೂ ಸ್ಕೂಟರ್ ನುಗ್ಗುತ್ತದೆ, ಕೂಸಿನ ಕೈ ಬಿಡಬೇಡ. ಕಾಫಿ ನಿಂತೇ ಕುಡಿಯಬೇಕು, ಕೂತರೆ ದುಡ್ಡು ಜಾಸ್ತಿ. ಕೊಡುವುದು ಎರಡು ಗುಟುಕು. ಭಾವ ನೋಡಿದ್ದರೆ "ಇದೆಂಥ, ಕೆಮ್ಮಿನ ಮದ್ದಾ?" ಅನ್ನುತ್ತಿದ್ದರು.

ಮತ್ತೆ, ಅಜ್ಜಿಯ ಕಾಲು ಮುಟ್ಟಲು ಹೋಗಬೇಡ. ಮೊದಲ ದಿನ ನಾನು ಬಗ್ಗಿದಾಗ ಏನೋ ಬಿದ್ದಿದೆ ಅಂದುಕೊಂಡು ಅವರೂ ನೆಲದಲ್ಲಿ ಹುಡುಕಿದರು. ಇಲ್ಲಿ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ನನಗೆ ಇನ್ನೂ ನಾಚಿಕೆ.

ಅಶ್ವಿತಾಳ ಹೊದಿಕೆಯನ್ನು ತೊಳೆಯದೆ ತಾ, ಮನೆಯ ವಾಸನೆ ಇದ್ದರೆ ನಿದ್ದೆ ಬಂದೀತು. ನನ್ನ ಮಂಚ ದೊಡ್ಡದು, ಮೂವರೂ ಮಲಗಬಹುದು. ಅವಳು ಗೋಡೆಯ ಕಡೆ ಮಲಗುತ್ತಾಳೋ, ಈಚೆ ಕಡೆಯೋ, ಬರೆ. ಅವಳ ಅಪ್ಪ ಹೋದ ಮೇಲೆ, ನಡೆಯಲೂ ಬಾರದ ಕೂಸನ್ನು ನಿನ್ನ ಮಡಿಲಿಗೆ ಹಾಕಿ ಬಂದವಳು ನಾನು. ಇಂಥದ್ದನ್ನೆಲ್ಲ ನಿನ್ನನ್ನೇ ಕೇಳಬೇಕು. ನಿನ್ನನ್ನು ಅವ್ವ ಅನ್ನುತ್ತಾಳೆ, ಅದು ಹಾಗೇ ಇರಲಿ.

ದೇವರು ನಿಮ್ಮಿಬ್ಬರನ್ನೂ ಸುಖವಾಗಿ ಇಲ್ಲಿಗೆ ಮುಟ್ಟಿಸಲಿ. ಕೂಸಿನ ತಲೆ ಒಮ್ಮೆ ಸವರು, ನನ್ನ ಲೆಕ್ಕದಲ್ಲಿ.

ನಿನ್ನ ತಂಗಿ,
ಶೋಭಿತಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಹೋದ ತಿಂಗಳು ವಿಡಿಯೊದಲ್ಲಿ ನೀನು ಕೂಸಿಗೆ ನನ್ನನ್ನು ತೋರಿಸಿ "ನೋಡ್ ಗೂಡೆ, ಇದ್ ಯಾರಂತ ಹೇಳು" ಅಂದಾಗ ಅವಳು ಫೋನನ್ನು ನೆಲದ ಮೇಲಿಟ್ಟು, ಮನೆಗೆ ಬಂದ ನೆಂಟರಿಗೆ ಮಾಡುವ ಹಾಗೆ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಆಶೀರ್ವಾದ ಮಾಡು ಮಾರಾಯ್ತಿ, ಕೂಸು ಬಗ್ಗಿಯೇ ಉಂಟು" ಅಂದರು ಭಾವ. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಏರ್‌ಪೋರ್ಟಿನಲ್ಲಿ ಅವಳಿಂದ ನನ್ನ ಕಾಲು ಮುಟ್ಟಿಸಬೇಡ ಅಕ್ಕ. ನನ್ನ ಹತ್ತಿರ ಬರದಿದ್ದರೆ ಒತ್ತಾಯವೂ ಬೇಡ, ನಿನ್ನ ಸೊಂಟದಲ್ಲೇ ಇರಲಿ. ನಾನು ಬ್ಯಾಗು ಹೊತ್ತು ನಿನ್ನ ಹಿಂದೆ ನಡೆಯುತ್ತೇನೆ. ನಿನ್ನ ಹೆಗಲ ಮೇಲಿಂದ ಅವಳ ಮುಖ ಕಾಣುತ್ತದೆ.