ಮುರಿದು ಕೂಡಿದ ಪಕ್ಕೆಲುಬು

ಅಪ್ಪನಿಗೆ,

ನನ್ನ ವರ್ಷದ ಸ್ಕ್ಯಾನ್ ಇವತ್ತು ಆಯಿತು. ಚಿಕ್ಕಂದಿನಲ್ಲಿ ಆಪರೇಷನ್ ಮಾಡಿ ಅಗಲ ಮಾಡಿದ ಎದೆಯ ದೊಡ್ಡ ರಕ್ತನಾಳ ಚೆನ್ನಾಗಿದೆಯಂತೆ. ಆದರೆ ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು, "ಎರಡು ಪಕ್ಕೆಲುಬು ಮುರಿದು ಕೂಡಿಕೊಂಡಿವೆ. ಎಲ್ಲಿ ಬಿದ್ದಿದ್ದೆಯಮ್ಮ?" ಎಂದು ಕೇಳಿದರು.

"ಮೆಟ್ಟಿಲ ಮೇಲೆ ಜಾರಿದ್ಲು" ಎಂದಳು ಅಮ್ಮ, ಎಂದಿನಂತೆ.

"ಇಲ್ಲ, ಅಪ್ಪ ಒದ್ದರು. ಅಮ್ಮನ ಕತ್ತು ಹಿಸುಕ್ತಿದ್ರು, ಬಿಡಿಸೋಕೆ ಹೋಗಿದ್ದೆ" ಎಂದೆ.

ಡಾಕ್ಟರಮ್ಮ ಬಾಗಿಲು ಹಾಕಿ ಅಮ್ಮನ ಕತ್ತು ನೋಡಿದರು. ಅಮ್ಮ ತಡೆಯಲಿಲ್ಲ. ಸಂಜೆ ಇಬ್ಬರೂ ಪೊಲೀಸರ ಮುಂದೆ ಹೇಳಿಕೆಗೆ ಸಹಿ ಹಾಕಿದೆವು.

ನಾವು ಮನೆಗೆ ಬರುವುದಿಲ್ಲ, ಹುಡುಕಬೇಡಿ. ನನ್ನ ಬಿ.ಪಿ. ಮಾತ್ರೆಗಳನ್ನೂ ಅಮ್ಮನ ಓದುವ ಕನ್ನಡಕವನ್ನೂ ಎದುರುಮನೆಯ ಟೈಲರಮ್ಮನ ಕೈಗೆ ಕೊಡಿ. ಕನ್ನಡಕದ ನೀವು ಮುರಿದ ಕಡ್ಡಿಗೆ ದಾರ ಸುತ್ತಿದ್ದೇನೆ. ದಯವಿಟ್ಟು ಮೆಲ್ಲಗೆ ಹಿಡಿಯಿರಿ.

ನಿಮ್ಮ ಮಗಳು